ಸುಣ್ಣದಲ್ಲಿ ಬೆಂದ ಜೋಳ, ಕೆಂಡದಂತೆ ಕಾದ ಹೆಂಚು: ಮನೆಯಲ್ಲೇ ಟೋರ್ಟಿಯಾ ಚಿಪ್ಸ್, ಹಸಿರು ಸಾಲ್ಸಾ

ಧಾರವಾಡದಲ್ಲಿ ಜೋಳದ ರೊಟ್ಟಿ ಬಡಿದು ಪಳಗಿದ ಕೈ ನನ್ನದು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋಗೆ ಬಂದ ಹೊಸತರಲ್ಲಿ, ಗೋವಿನಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದಿದರೆ ಟೋರ್ಟಿಯಾ, ಅಂದರೆ ಮೆಕ್ಸಿಕೋದ ತೆಳು ರೊಟ್ಟಿ, ಆದೀತು ಎಂದು ನಂಬಿ ಭಾರತೀಯ ದಿನಸಿ ಅಂಗಡಿಯಿಂದ ಹಿಟ್ಟು ತಂದೆ. ರೊಟ್ಟಿಯೇನೋ ಆಯಿತು. ತ್ರಿಕೋನವಾಗಿ ಕತ್ತರಿಸಿ ಎಣ್ಣೆಗೆ ಬಿಟ್ಟಾಗ ಅಂಚೆಲ್ಲ ಉದುರಿ ಬಾಣಲೆಯ ತಳ ಸೇರಿತು. ಬಾಯಿಗಿಟ್ಟರೆ ಟೋರ್ಟಿಯಾದ ಪರಿಮಳವೂ ಇರಲಿಲ್ಲ.

ಪಕ್ಕದ ಮನೆಯ ಹಿರಿಯರು ಮೆಕ್ಸಿಕೋದ ಪ್ಯೂಬ್ಲಾದವರು. ಅವರನ್ನು ನಾನು ಸೆನ್ಯೋರಾ ಎಂದು ಕರೆಯುತ್ತೇನೆ. ಉಳಿದ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ ಅವರು ಕೇಳಿದ್ದು ಇಷ್ಟೇ: “ಇದರಲ್ಲಿ ಕಾಲ್ ಎಲ್ಲಿ?” ಕಾಲ್ ಎಂದರೆ ಸುಣ್ಣ. ನಾವು ವೀಳ್ಯದೆಲೆಗೆ ಸವರುವ ಅದೇ ಸುಣ್ಣ!

ಅವತ್ತಿನಿಂದ ನನ್ನ ಕೆಲಸ ಹಿಂದಿನ ರಾತ್ರಿಯೇ ಶುರುವಾಗುತ್ತದೆ. ಅರ್ಧ ಕಿಲೋ ಒಣ ಬಿಳಿ ಮೆಕ್ಕೆಜೋಳ, ಒಂದೂವರೆ ಲೀಟರ್ ನೀರು, 5 ಗ್ರಾಂ ಅಡುಗೆಗೆ ಬಳಸುವ ಸುಣ್ಣದ ಪುಡಿ. ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ, ಮುಚ್ಚಿ, ಬೆಳಗಿನವರೆಗೆ ಹಾಗೆಯೇ ಬಿಡುತ್ತೇನೆ. ಬೆಳಗ್ಗೆ ನೀರು ಹಳದಿಗೆ ತಿರುಗಿರುತ್ತದೆ. ಕಾಳನ್ನು ಎರಡು ಬೆರಳ ನಡುವೆ ಉಜ್ಜಿದರೆ ಸಿಪ್ಪೆ ಲೋಳೆಯಂತೆ ಜಾರಿ ಬರುತ್ತದೆ. ಮೈಸೂರಿನ ಅತ್ತೆಯವರ ಮನೆಯಲ್ಲಿ ಅವರೆಕಾಳು ಹಿತಕಲು ಕೂತ ಚಳಿಗಾಲದ ಸಂಜೆಗಳು ಪ್ರತಿ ಸಲವೂ ನೆನಪಾಗುತ್ತವೆ. ಸಿಪ್ಪೆಯನ್ನು ಪೂರ್ತಿ ತೆಗೆಯಬಾರದು. ಸ್ವಲ್ಪ ಉಳಿದರೆ ಹಿಟ್ಟಿಗೆ ಅಂಟು ಬರುತ್ತದೆ.

ಈ ಕಾಳಿಗೆ ನಿಕ್ಸ್ತಮಾಲ್ ಎಂದು ಹೆಸರು. ಮೆಕ್ಸಿಕೋದ ಮೂಲನಿವಾಸಿಗಳ ನಾವಾತ್ಲ್ ಭಾಷೆಯಲ್ಲಿ ‘ನೆಕ್ಸ್ತ್ಲಿ’ ಎಂದರೆ ಬೂದಿ, ಹೆಸರಿನ ಮೊದಲರ್ಧ ಬಂದದ್ದು ಅದರಿಂದ. ಜೋಳದೊಳಗೆ ಬಿಗಿದುಕೊಂಡಿರುವ ನಯಾಸಿನ್ ಎಂಬ ಜೀವಸತ್ವವನ್ನು ಮೈಗೆ ದಕ್ಕುವಂತೆ ಬಿಡಿಸುವುದೂ ಈ ಸುಣ್ಣವೇ. ಜೋಳವನ್ನು ಒಯ್ದು ಸುಣ್ಣದ ವಿದ್ಯೆಯನ್ನು ಬಿಟ್ಟುಹೋದ ಯೂರೋಪಿನಲ್ಲಿ, ಅದನ್ನೇ ನೆಚ್ಚಿ ಬದುಕಿದ ಬಡವರು ಆ ಜೀವಸತ್ವದ ಕೊರತೆಯಿಂದ ಬರುವ ಪೆಲಾಗ್ರ ರೋಗದಿಂದ ನರಳಿದರು. ಇದನ್ನು ಓದಿದ ಮೇಲೆ ಸೆನ್ಯೋರಾ ಕೇಳಿದ ಆ ಪ್ರಶ್ನೆಯ ತೂಕ ನನಗೆ ಅರಿವಾಯಿತು.

ರುಬ್ಬುವುದಕ್ಕೆ ನಮ್ಮ ಇಡ್ಲಿಯ ವೆಟ್ ಗ್ರೈಂಡರೇ ಸಾಕು. ಕಲ್ಲು ತಿರುಗಲು ನೀರು ತುಸು ಹೆಚ್ಚು ಬೇಕಾಗುವುದರಿಂದ ಹಿಟ್ಟು ಸಡಿಲವಾಗುತ್ತದೆ. ಅದಕ್ಕೆ ಅಂಗಡಿಯ ಮಾಸಾ ಹರೀನಾ, ಅಂದರೆ ಸುಣ್ಣದಲ್ಲಿ ಬೇಯಿಸಿ ಒಣಗಿಸಿದ ಜೋಳದ ಹಿಟ್ಟನ್ನು, ಒಂದೆರಡು ಹಿಡಿ ಸೇರಿಸಿ ಸರಿಮಾಡುತ್ತೇನೆ. ಸಮಯವಿಲ್ಲದ ದಿನ ಪೂರ್ತಿ ಮಾಸಾ ಹರೀನಾದಲ್ಲೇ ಮಾಡುವುದೂ ಉಂಟು: ಎರಡು ಬಟ್ಟಲಿಗೆ ಒಂದೂವರೆ ಬಟ್ಟಲು ಬೆಚ್ಚಗಿನ ನೀರು. ನಿಂಬೆ ಗಾತ್ರದ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಒತ್ತಿ, ಕಾದ ಹೆಂಚಿನ ಮೇಲೆ ಎರಡೂ ಬದಿ ಬೇಯಿಸಿದರೆ ಟೋರ್ಟಿಯಾ.

ಚಿಪ್ಸ್ ಕೆಡುವುದು ಹೆಚ್ಚಾಗಿ ಇದರ ಮುಂದಿನ ಹಂತದಲ್ಲಿ. ಬಿಸಿ ಟೋರ್ಟಿಯಾವನ್ನೇ ಕರಿದರೆ ಒಳಗಿನ ತೇವದಿಂದ ಎಣ್ಣೆ ಕುಡಿದು ಚರ್ಮದಂತಾಗುತ್ತದೆ. ಮೆಕ್ಸಿಕೋದ ಮನೆಗಳಲ್ಲಿ ತೋತೋಪೋ, ಅಂದರೆ ಈ ಚಿಪ್ಸ್, ಮಾಡುವುದು ನಿನ್ನೆಯ ಟೋರ್ಟಿಯಾದಿಂದ. ಆರು ಹೋಳು ಮಾಡಿ, ಹಪ್ಪಳದಂತೆ ಬಟ್ಟೆಯ ಮೇಲೆ ಹರವಿ ರಾತ್ರಿಯಿಡೀ ಫ್ಯಾನಿನ ಕೆಳಗೆ ಬಿಡಿ. 180 ಡಿಗ್ರಿ ಸೆಲ್ಸಿಯಸ್ ಕಾದ ಎಣ್ಣೆಗೆ ಸ್ವಲ್ಪ ಸ್ವಲ್ಪವೇ ಹಾಕಿ. ಮೊದಲು ಎಣ್ಣೆ ಭೋರೆಂದು ನೊರೆಯುತ್ತದೆ. ಸುಮಾರು ಎರಡು ನಿಮಿಷದಲ್ಲಿ ಗುಳ್ಳೆ ಅಡಗಿ ಸದ್ದು ತಗ್ಗುತ್ತದೆ, ಆಗ ತೆಗೆಯಬೇಕು. ಉಪ್ಪನ್ನು ಆ ಕ್ಷಣವೇ ಉದುರಿಸಿ, ಆರಿದ ಮೇಲೆ ಅದು ಅಂಟುವುದಿಲ್ಲ.

ಹಸಿರು ಸಾಲ್ಸಾಕ್ಕೆ, ಅಂದರೆ ಚಿಪ್ಸ್ ಅದ್ದಿ ತಿನ್ನುವ ಚಟ್ನಿಗೆ, ಬೇಕಾದದ್ದು ತೊಮಾತಿಯೋ. ಇದು ಹಸಿ ಟೊಮೆಟೊ ಅಲ್ಲ. ನಮ್ಮ ಹೊಲದ ಬದುಗಳಲ್ಲಿ ತೆಳು ಚೀಲದೊಳಗೆ ಹಣ್ಣಾಗುವ ಗುಪ್ಪಟೆ ಹಣ್ಣಿನ ಕುಲದ್ದು. ಕಾಗದದಂಥ ಹೊದಿಕೆ ಸುಲಿದರೆ ಕಾಯಿಯ ಮೈ ಅಂಟಂಟು, ಬೆಚ್ಚಗಿನ ನೀರಿನಲ್ಲಿ ತೊಳೆದುಕೊಳ್ಳಬೇಕು. ನೀರಿನಲ್ಲಿ ಬೇಯಿಸುವವರೂ ಇದ್ದಾರೆ, ನನಗೆ ಸುಟ್ಟದ್ದೇ ಮೆಚ್ಚು. ಹತ್ತು ಕಾಯಿ, ಎರಡು ಸೆರಾನೋ ಮೆಣಸಿನಕಾಯಿ, ಕಾಲು ಬಿಳಿ ಈರುಳ್ಳಿ, ಸಿಪ್ಪೆಸಹಿತ ಒಂದು ಎಸಳು ಬೆಳ್ಳುಳ್ಳಿಯನ್ನು ಕೆಂಡದಂತೆ ಕಾದ ಹೆಂಚಿನ ಮೇಲೆ ಸುಡುತ್ತೇನೆ. ಎಳೆಹಸಿರು ಮಾಸಿ ಆಲಿವ್ ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಕಪ್ಪು ಚುಕ್ಕೆ ಬಂದಾಗ ಇಳಿಸುತ್ತೇನೆ. ಕಾಯಿ ಒಡೆಯಲು ಬಿಟ್ಟರೆ ರಸವೆಲ್ಲ ಹೆಂಚಿನ ಪಾಲು. ಬೆಳ್ಳುಳ್ಳಿ ಸುಲಿದು, ಉಪ್ಪು, ದಂಟುಸಹಿತ ಒಂದು ಹಿಡಿ ಕೊತ್ತಂಬರಿ ಸೇರಿಸಿ ತರಿತರಿಯಾಗಿ ರುಬ್ಬಬೇಕು. ನಿಂಬೆರಸ ಬೇಡ, ಆ ಕಾಯಿಯದೇ ಹುಳಿ ಸಾಕು.

ತೊಮಾತಿಯೋದಲ್ಲಿ ಪೆಕ್ಟಿನ್ ಧಾರಾಳವಾಗಿರುವುದರಿಂದ ಫ್ರಿಜ್‌ನಲ್ಲಿಟ್ಟ ಸಾಲ್ಸಾ ಮರುದಿನ ಗಟ್ಟಿಯಾಗಿರುತ್ತದೆ. ಅದು ಕೆಟ್ಟದ್ದಲ್ಲ. ನೀರು ಬೆರೆಸಿ ಕುದಿಸಿ, ಡಬ್ಬದ ತಳದಲ್ಲಿ ಉಳಿದ ಮುರುಕು ಚಿಪ್ಸನ್ನೆಲ್ಲ ಸುರಿದು, ಮೇಲೊಂದು ಮೊಟ್ಟೆ ಹಾಕಿದರೆ ಚಿಲಾಕಿಲೆಸ್. ನಮ್ಮ ಮನೆಯ ಭಾನುವಾರದ ತಿಂಡಿ ಈಗ ಅದೇ.