ಬಳಕೆದಾರರ ದೂರಿಗೆ ಮೊದಲೇ ತಿಳಿಯಲಿ: ವೆಬ್ ಅಪ್ಲಿಕೇಶನ್‌ಗೆ ದೋಷ ಮತ್ತು ವೇಗದ ನಿಗಾ ಅಳವಡಿಸುವ ಕ್ರಮ

ವೆಬ್ ಅಪ್ಲಿಕೇಶನ್ ಕೈಕೊಟ್ಟಾಗ ಅದನ್ನು ಬರೆದು ತಿಳಿಸುವ ಬಳಕೆದಾರರು ವಿರಳ. ಹೆಚ್ಚಿನವರು ಒಂದೆರಡು ಬಾರಿ ಬಟನ್ ಒತ್ತಿ ನೋಡಿ, ಆಗದಿದ್ದರೆ ಪುಟ ಮುಚ್ಚಿ ಹೋಗುತ್ತಾರೆ. ಸರ್ವರ್‌ನ ಸಿಪಿಯು ಮತ್ತು ಮೆಮೊರಿಯ ಗ್ರಾಫ್‌ಗಳನ್ನಷ್ಟೇ ನೋಡುವ ತಂಡಕ್ಕೆ ಈ ಸೋಲು ಕಾಣುವುದೇ ಇಲ್ಲ, ಏಕೆಂದರೆ ಕೋಡ್ ಮುರಿದು ಬಿದ್ದಿರುವುದು ಬಳಕೆದಾರರ ಬ್ರೌಸರ್‌ನಲ್ಲಿ. ಆದ್ದರಿಂದ ನಿಗಾ ವ್ಯವಸ್ಥೆಯನ್ನು ಬಳಕೆದಾರರ ಕಡೆಯಿಂದ ಆರಂಭಿಸಿ ಸರ್ವರ್‌ನ ಕಡೆಗೆ ಕಟ್ಟುತ್ತ ಬರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಉದಾಹರಣೆಗೆ ಪೈಥಾನ್‌ನ ಜಾಂಗೋ ಚೌಕಟ್ಟಿನಲ್ಲಿ ಬರೆದ ಸರ್ವರ್, ಜಾವಾಸ್ಕ್ರಿಪ್ಟ್‌ನ ರಿಯಾಕ್ಟ್‌ನಲ್ಲಿ ಬರೆದ ಮುಂಭಾಗ (ಬ್ರೌಸರ್‌ನಲ್ಲಿ ಓಡುವ ಭಾಗ) ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್ ಇರುವ ಸಾಧಾರಣ ಗಾತ್ರದ ಅಪ್ಲಿಕೇಶನ್ ಒಂದನ್ನು ಇಟ್ಟುಕೊಳ್ಳುತ್ತೇನೆ. ದೋಷಗಳನ್ನು ಸಂಗ್ರಹಿಸಲು ಸೆಂಟ್ರಿ, ಅಳತೆಗಳನ್ನು ಸಂಗ್ರಹಿಸಲು ಪ್ರೊಮಿಥಿಯಸ್ ಮತ್ತು ಅವನ್ನು ಗ್ರಾಫ್‌ಗಳಲ್ಲಿ ತೋರಿಸಲು ಗ್ರಫಾನಾ ಬಳಸೋಣ. ಸ್ವಂತ ಸರ್ವರ್‌ನಲ್ಲೇ ದೋಷ ಸಂಗ್ರಹಿಸಬೇಕಾದ ಸಣ್ಣ ತಂಡಕ್ಕೆ ಸೆಂಟ್ರಿಯ ಎಸ್‌ಡಿಕೆಗಳೊಡನೆ (ಅಪ್ಲಿಕೇಶನ್‌ನೊಳಗೆ ಸೇರಿಸುವ ಅದರ ಕೋಡ್) ಹೊಂದಿಕೊಳ್ಳುವ, ಅದಕ್ಕಿಂತ ಹಗುರವಾದ ಗ್ಲಿಚ್‌ಟಿಪ್ ಸಾಕಾಗಬಹುದು.

ಮೊದಲು ದೋಷಗಳು

ಸೆಂಟ್ರಿಯಲ್ಲಿ ಮುಂಭಾಗಕ್ಕೆ ಒಂದು, ಸರ್ವರ್‌ಗೆ ಒಂದು ಎಂದು ಎರಡು ಪ್ರತ್ಯೇಕ ಪ್ರಾಜೆಕ್ಟ್ ಮಾಡಿ, ಆಯಾ ಎಸ್‌ಡಿಕೆಯನ್ನು ಅಪ್ಲಿಕೇಶನ್ ಶುರುವಾಗುವ ಮೊಟ್ಟಮೊದಲ ಹಂತದಲ್ಲೇ ಪ್ರಾರಂಭಿಸಬೇಕು. ತಡವಾಗಿ ಪ್ರಾರಂಭಿಸಿದರೆ ಅದಕ್ಕೆ ಮುಂಚೆ ನಡೆದ ದೋಷಗಳು ದಾಖಲಾಗುವುದಿಲ್ಲ. ಪ್ರಾರಂಭಿಸುವಾಗಲೇ ಎರಡು ಸಂಗತಿಗಳನ್ನು ತಪ್ಪದೆ ಕೊಡಿ: ಇದು ಬಳಕೆದಾರರು ಬಳಸುವ ಪ್ರೊಡಕ್ಷನ್ನೋ ಪರೀಕ್ಷೆಗಿರುವ ಸ್ಟೇಜಿಂಗೋ ಎಂಬ ಗುರುತು, ಮತ್ತು ರಿಲೀಸ್‌ನ ಹೆಸರು. ರಿಲೀಸ್‌ನ ಹೆಸರಾಗಿ ಗಿಟ್ ಕಮಿಟ್‌ನ ಸಂಖ್ಯೆಯನ್ನೇ ಬಳಸಿದರೆ, ಹೊಸ ದೋಷ ಕಂಡ ಕ್ಷಣವೇ ಅದು ಯಾವ ಡಿಪ್ಲಾಯ್‌ನೊಂದಿಗೆ (ಸರ್ವರ್‌ಗೆ ಏರಿಸಿದ ಹೊಸ ಆವೃತ್ತಿ) ಬಂದಿತೆಂದು ತಿಳಿಯುತ್ತದೆ. ಈ ಒಂದು ಸಾಲಿನ ಬೆಲೆ ಗೊತ್ತಾಗುವುದು ರಾತ್ರಿ ಹನ್ನೊಂದಕ್ಕೆ ರೋಲ್‌ಬ್ಯಾಕ್ ಮಾಡಬೇಕೋ (ಹಿಂದಿನ ಆವೃತ್ತಿಗೆ ಮರಳಬೇಕೋ) ಬೇಡವೋ ಎಂದು ತೀರ್ಮಾನಿಸಬೇಕಾದಾಗ.

ಬ್ರೌಸರ್‌ಗೆ ಹೋಗುವ ಜಾವಾಸ್ಕ್ರಿಪ್ಟ್ ಕುಗ್ಗಿಸಿದ ರೂಪದಲ್ಲಿರುವುದರಿಂದ, ದೋಷದ ವರದಿಯಲ್ಲಿ ಒಂದಕ್ಷರದ ಹೆಸರುಗಳೂ ಒಂದೇ ಉದ್ದ ಸಾಲೂ ಮಾತ್ರ ಕಾಣುತ್ತವೆ. ಬಿಲ್ಡ್ ಆದ ಕೂಡಲೇ ಸೋರ್ಸ್ ಮ್ಯಾಪ್‌ಗಳನ್ನು (ಕುಗ್ಗಿಸಿದ ಕೋಡ್ ಅನ್ನು ಮೂಲ ಕೋಡ್‌ಗೆ ಹೊಂದಿಸುವ ಫೈಲ್‌ಗಳು) ಸೆಂಟ್ರಿಗೆ ಅಪ್‌ಲೋಡ್ ಮಾಡುವ ಹೆಜ್ಜೆಯನ್ನು ಸಿಐಯಲ್ಲಿ (ತಾನಾಗಿ ಬಿಲ್ಡ್ ಮಾಡುವ ವ್ಯವಸ್ಥೆ) ಸೇರಿಸಿ, ಆಮೇಲೆ ಆ ಫೈಲ್‌ಗಳನ್ನು ಸಾರ್ವಜನಿಕ ಫೋಲ್ಡರ್‌ನಿಂದ ಅಳಿಸಿಬಿಡಿ. ಬೇರೆ ಡೊಮೇನ್‌ನಿಂದ ಬರುವ ಸ್ಕ್ರಿಪ್ಟ್‌ನಲ್ಲಿ ದೋಷವಾದರೆ ಬ್ರೌಸರ್ ಭದ್ರತೆಯ ಕಾರಣಕ್ಕೆ ವಿವರವನ್ನೆಲ್ಲ ಮುಚ್ಚಿಟ್ಟು ‘ಸ್ಕ್ರಿಪ್ಟ್ ಎರರ್’ ಎಂದಷ್ಟೇ ಹೇಳುತ್ತದೆ. ಸ್ಕ್ರಿಪ್ಟ್ ಟ್ಯಾಗ್‌ನಲ್ಲಿ ಕ್ರಾಸ್‌ಒರಿಜಿನ್ ಗುಣವನ್ನು ಸೇರಿಸಿ, ಆ ಸ್ಕ್ರಿಪ್ಟ್ ಕೊಡುವ ಸರ್ವರ್‌ನಿಂದ (ಸಿಡಿಎನ್) ಬೇರೆ ಡೊಮೇನ್‌ಗೆ ಅನುಮತಿ ನೀಡುವ ಸಿಒಆರ್‌ಎಸ್ ಹೆಡರ್ ಸರಿಯಾಗಿ ಬರುವಂತೆ ಮಾಡಿದರೆ ವಿವರ ಸಿಗುತ್ತದೆ.

ಎಸ್‌ಡಿಕೆ ಹಾಕಿದ ಮಾತ್ರಕ್ಕೆ ಎಲ್ಲ ದೋಷಗಳೂ ಸಿಗುತ್ತವೆಂದು ನಂಬುವುದು ದೊಡ್ಡ ತಪ್ಪು. ಯಾರೂ ಹಿಡಿಯದೆ ಬಿಟ್ಟ ದೋಷಗಳನ್ನು ಅದು ತಾನಾಗಿ ಗ್ರಹಿಸುತ್ತದೆ. ನಿಮ್ಮದೇ ಕೋಡ್ ಹಿಡಿದು ನುಂಗಿಬಿಟ್ಟದ್ದು ಅದಕ್ಕೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಪೈಥಾನ್‌ನಲ್ಲಿ ಎಕ್ಸೆಪ್ಟ್ ಬರೆದು ಒಳಗೆ ಪಾಸ್ ಎಂದು ಬಿಟ್ಟಿರುವ ಕಡೆಗಳನ್ನೆಲ್ಲ ಹುಡುಕಿ, ಅಲ್ಲಿ ದೋಷವನ್ನು ಸೆಂಟ್ರಿಗೆ ಕಳಿಸುವ ಕರೆಯನ್ನು ಸೇರಿಸಬೇಕು. ಸರ್ವರ್ ಅನ್ನು ಕರೆಯುವ ಜಾವಾಸ್ಕ್ರಿಪ್ಟ್‌ನ ಫೆಚ್ ಇನ್ನೂ ಮೋಸದ್ದು: ಸರ್ವರ್ 500 (ಸರ್ವರ್ ದೋಷ) ಎಂದು ಉತ್ತರಿಸಿದರೂ ಅದರ ಪ್ರಾಮಿಸ್ ಯಶಸ್ವಿಯಾಗಿಯೇ ಮುಗಿಯುತ್ತದೆ, ನೆಟ್‌ವರ್ಕ್ ಕಡಿದಂಥ ಕಾರಣಗಳಿಂದ ಉತ್ತರವೇ ಸಿಗದಿದ್ದಾಗ ಮಾತ್ರ ವಿಫಲವಾಗುತ್ತದೆ. ಎಲ್ಲ ಕರೆಗಳೂ ಒಂದೇ ಫಂಕ್ಷನ್ ಮೂಲಕ ಹೋಗುವಂತೆ ಮಾಡಿ, ಉತ್ತರದ ಸ್ಟೇಟಸ್ ಅನ್ನು ಅಲ್ಲಿ ಪರೀಕ್ಷಿಸಿ ವರದಿ ಮಾಡುವುದು ಉತ್ತಮ. ರಿಯಾಕ್ಟ್‌ನಲ್ಲಿ ಎರರ್ ಬೌಂಡರಿ (ತನ್ನೊಳಗಿನ ದೋಷವನ್ನು ತಡೆದು ನಿಲ್ಲಿಸುವ ಭಾಗ) ಇಲ್ಲದಿದ್ದರೆ ರೆಂಡರ್ ಮಾಡುವಾಗಿನ ಒಂದು ದೋಷಕ್ಕೆ ಇಡೀ ಪುಟವೇ ಬಿಳಿಯಾಗುತ್ತದೆ. ಪುಟದ ಮುಖ್ಯ ಭಾಗಗಳಿಗೆ ಒಂದೊಂದು ಬೌಂಡರಿ ಇರಲಿ.

ಕಳಿಸುವ ಮಾಹಿತಿಯಲ್ಲಿ ಏನೇನು ಇರಬಾರದೆಂಬುದನ್ನು ಈ ಹಂತದಲ್ಲೇ ನಿರ್ಧರಿಸಿ. ಮೊಬೈಲ್ ಸಂಖ್ಯೆ, ಆಧಾರ್, ಒಟಿಪಿ, ಪಾಸ್‌ವರ್ಡ್ ಇವು ದೋಷದ ವರದಿಯೊಳಗೆ ನುಸುಳುವುದು ಬಹುಮಟ್ಟಿಗೆ ಯುಆರ್‌ಎಲ್‌ನ ಬಾಲದಿಂದ ಮತ್ತು ಲಾಗ್ ಸಂದೇಶಗಳಿಂದ. ಕಳಿಸುವ ಮುನ್ನ ಪ್ರತಿಯೊಂದು ವರದಿಯನ್ನೂ ಸೋಸುವ ಫಂಕ್ಷನ್ ಬರೆಯಲು ಎಸ್‌ಡಿಕೆಯಲ್ಲಿ ಅವಕಾಶವಿದೆ, ಅದನ್ನು ಬಳಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರುವ ದೇಶದಲ್ಲಿ ಇದು ಸೌಜನ್ಯವಷ್ಟೇ ಅಲ್ಲ, ಜವಾಬ್ದಾರಿಯೂ ಹೌದು.

ವೇಗವನ್ನು ಅಳೆಯುವುದು

ಸರಾಸರಿಯನ್ನು ನೆಚ್ಚಬೇಡಿ. ಸರ್ವರ್‌ಗೆ ಬಂದ ನೂರು ಕೋರಿಕೆಗಳಲ್ಲಿ (ರಿಕ್ವೆಸ್ಟ್) ತೊಂಬತ್ತೊಂಬತ್ತಕ್ಕೆ 100 ಮಿಲಿಸೆಕೆಂಡ್, ಒಂದಕ್ಕೆ 10 ಸೆಕೆಂಡ್ ಹಿಡಿದರೆ ಸರಾಸರಿ 199 ಮಿಲಿಸೆಕೆಂಡ್ ಎಂದು ಬರುತ್ತದೆ. ನೋಡಲು ಸೊಗಸಾದ ಈ ಅಂಕಿ ಆ ಹತ್ತು ಸೆಕೆಂಡ್ ಕಾದವರನ್ನು ಮರೆಮಾಡುತ್ತದೆ. ನೂರಕ್ಕೆ ಒಂದು ತಾನೇ ಎನ್ನುವಂತೆಯೂ ಇಲ್ಲ: ಒಂದು ಪುಟ ಇಂಥ ಇಪ್ಪತ್ತು ಕೋರಿಕೆಗಳನ್ನು ಮಾಡಿದರೆ, ಅವು ಒಂದಕ್ಕೊಂದು ಸಂಬಂಧವಿಲ್ಲದವು ಎಂದಿಟ್ಟುಕೊಂಡಲ್ಲಿ, ಕನಿಷ್ಠ ಒಂದಾದರೂ ನಿಧಾನವಾಗುವ ಸಾಧ್ಯತೆ ಶೇ. 18ರಷ್ಟಾಗುತ್ತದೆ. ಆದ್ದರಿಂದ 50, 95 ಮತ್ತು 99ನೇ ಪರ್ಸೆಂಟೈಲ್‌ಗಳನ್ನು (95ನೇ ಪರ್ಸೆಂಟೈಲ್ ಎಂದರೆ ಶೇ. 95 ಕೋರಿಕೆಗಳು ಎಷ್ಟು ಕಾಲದೊಳಗೆ ಮುಗಿದವೋ ಆ ಕಾಲ) ಗ್ರಾಫ್‌ನಲ್ಲಿ ಒಟ್ಟಿಗೆ ತೋರಿಸಿ.

ಸರ್ವರ್ ಕಡೆಯಲ್ಲಿ ಜಾಂಗೋಗೆ ಪ್ರೊಮಿಥಿಯಸ್‌ನ ಮಿಡಲ್‌ವೇರ್ (ಪ್ರತಿ ಕೋರಿಕೆಯೂ ಹಾದುಹೋಗುವ ನಡುಪದರ) ಸೇರಿಸಿ, ಪ್ರತಿ ಕೋರಿಕೆಯ ಕಾಲಾವಧಿಯನ್ನು ಹಿಸ್ಟೋಗ್ರಾಮ್ ರೂಪದಲ್ಲಿ, ಅಂದರೆ ಇಂತಿಷ್ಟು ಕಾಲದೊಳಗೆ ಮುಗಿದವು ಎಷ್ಟು ಎಂಬ ಎಣಿಕೆಗಳಾಗಿ (ಬಕೆಟ್‌ಗಳು) ದಾಖಲಿಸಿ. ಹಲವು ಸರ್ವರ್‌ಗಳಿದ್ದಾಗ ಒಂದೊಂದರ ಪರ್ಸೆಂಟೈಲ್ ತೆಗೆದು ಅವುಗಳ ಸರಾಸರಿ ಮಾಡುವುದು ಗಣಿತದ ದೃಷ್ಟಿಯಿಂದಲೇ ತಪ್ಪು. ಹಿಸ್ಟೋಗ್ರಾಮ್‌ನ ಬಕೆಟ್‌ಗಳನ್ನು ಮೊದಲು ಕೂಡಿಸಿ ಆಮೇಲೆ ಪರ್ಸೆಂಟೈಲ್ ಲೆಕ್ಕ ಹಾಕಬೇಕು. ಅಳತೆಗಳಿಗೆ ಅಂಟಿಸುವ ಗುರುತುಗಳಾದ ಲೇಬಲ್‌ಗಳ ವಿಷಯದಲ್ಲಿ ಬಿಗಿಯಾಗಿರಿ. ಬಳಕೆದಾರರ ಐಡಿಯನ್ನೋ ಆರ್ಡರ್ ಸಂಖ್ಯೆ ಇರುವ ಪೂರ್ಣ ಯುಆರ್‌ಎಲ್ ಅನ್ನೋ ಲೇಬಲ್ ಮಾಡಿದರೆ ಲೇಬಲ್‌ನ ಪ್ರತಿಯೊಂದು ಮೌಲ್ಯಕ್ಕೂ ಪ್ರೊಮಿಥಿಯಸ್ ಹೊಸ ಸರಣಿಯನ್ನೇ ತೆರೆದು, ಕೊನೆಗೆ ಮೆಮೊರಿ ಸಾಲದೆ ನಿಲ್ಲುತ್ತದೆ. ರೂಟ್‌ನ (ಯುಆರ್‌ಎಲ್‌ನ ಮಾದರಿ) ಹೆಸರು, ಮೆಥಡ್ ಮತ್ತು ಸ್ಟೇಟಸ್ ಸಾಕು. ಇನ್ನೊಂದು ಮಾತು: ಬೇರೆ ಏನೂ ಹೇಳದಿದ್ದರೆ ಪ್ರೊಮಿಥಿಯಸ್ ದತ್ತಾಂಶವನ್ನು 15 ದಿನ ಮಾತ್ರ ಇಟ್ಟುಕೊಳ್ಳುತ್ತದೆ, ಕಳೆದ ತಿಂಗಳೊಂದಿಗೆ ಹೋಲಿಸಬೇಕಿದ್ದರೆ ಮೊದಲ ದಿನವೇ ಅವಧಿಯನ್ನು ಹೆಚ್ಚಿಸಿ.

ಬ್ರೌಸರ್ ಕಡೆಯಲ್ಲಿ ಗೂಗಲ್ ಗೊತ್ತುಪಡಿಸಿರುವ ಮೂರು ಅಳತೆಗಳು ಸದ್ಯಕ್ಕೆ ಒಳ್ಳೆಯ ಆರಂಭ. ಪುಟದ ಮುಖ್ಯ ಭಾಗ ಕಾಣಿಸಲು ಹಿಡಿಯುವ ಕಾಲವಾದ ಎಲ್‌ಸಿಪಿ 2.5 ಸೆಕೆಂಡ್‌ನೊಳಗೆ, ಒತ್ತಿದ್ದಕ್ಕೆ ಪರದೆ ಸ್ಪಂದಿಸುವ ಕಾಲವಾದ ಐಎನ್‌ಪಿ 200 ಮಿಲಿಸೆಕೆಂಡ್‌ನೊಳಗೆ, ಪುಟ ಅತ್ತಿತ್ತ ಜಿಗಿಯುವ ಪ್ರಮಾಣವಾದ ಸಿಎಲ್‌ಎಸ್ 0.1ರೊಳಗೆ ಇರಬೇಕು, ಮೂರನ್ನೂ 75ನೇ ಪರ್ಸೆಂಟೈಲ್‌ನಲ್ಲಿ ನೋಡಬೇಕು. ಐಎನ್‌ಪಿ 2024ರ ಮಾರ್ಚ್‌ನಲ್ಲಿ, ಮೊದಲ ಒತ್ತಿನ ವಿಳಂಬವನ್ನಷ್ಟೇ ಅಳೆಯುತ್ತಿದ್ದ ಎಫ್‌ಐಡಿಯ ಸ್ಥಾನಕ್ಕೆ ಬಂದಿದೆ, ಹಳೆಯ ಲೇಖನಗಳನ್ನು ಓದುವಾಗ ಇದು ನೆನಪಿರಲಿ. ಇವನ್ನು ನಿಜವಾದ ಬಳಕೆದಾರರಿಂದಲೇ ಸಂಗ್ರಹಿಸಬೇಕು: ಕಚೇರಿಯ ವೈಫೈನಲ್ಲಿ, ಹೊಸ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದ ಲೈಟ್‌ಹೌಸ್ (ಪುಟದ ವೇಗ ಅಳೆಯುವ ಗೂಗಲ್‌ನ ಸಾಧನ) ಪರೀಕ್ಷೆಯು, ಮಲೆನಾಡಿನ ಊರೊಂದರಲ್ಲಿ ಅಗ್ಗದ ಫೋನ್ ಹಿಡಿದು ಸಿಗ್ನಲ್‌ಗಾಗಿ ಜಗಲಿಯ ತುದಿಗೆ ಬಂದು ನಿಂತವರ ಅನುಭವವನ್ನು ಹೇಳಲಾರದು.

ಅಲರ್ಟ್‌ಗಳು

ಹೆಚ್ಚಿನ ವ್ಯವಸ್ಥೆಗಳು ಹಾಳಾಗುವುದು ಇಲ್ಲಿಯೇ. ಪ್ರತಿ ದೋಷಕ್ಕೂ ಸಂದೇಶ ಬರುವಂತೆ ಮಾಡಿದರೆ ಎರಡನೇ ವಾರದಲ್ಲಿ ತಂಡದವರು ಆ ಚಾನೆಲ್ ಅನ್ನು ಮ್ಯೂಟ್ ಮಾಡುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ನಿದ್ದೆಯಿಂದ ಎಬ್ಬಿಸುವ ಅಲರ್ಟ್ ಬಂದಾಗ ಎದ್ದವರು ಮಾಡಬೇಕಾದ ಕೆಲಸವೊಂದು ಇರಲೇಬೇಕು. ಇಲ್ಲದಿದ್ದರೆ ಅದು ಬೆಳಗಿನ ವರದಿಗೆ ಹೋಗಲಿ.

ಮಿತಿಯನ್ನು ಊಹೆಯಿಂದ ಇಡುವ ಬದಲು ಗುರಿಯಿಂದ ಲೆಕ್ಕ ಹಾಕಿ. ಶೇ. 99.9 ಕೋರಿಕೆಗಳು ಯಶಸ್ವಿಯಾಗಬೇಕೆಂದರೆ ಶೇ. 0.1ರಷ್ಟು ವಿಫಲವಾಗಲು ಅವಕಾಶವಿದೆ. 30 ದಿನಗಳ ಕಾಲದ ಲೆಕ್ಕದಲ್ಲಿ ಹೇಳುವುದಾದರೆ ಅದು 43 ನಿಮಿಷಗಳಷ್ಟು ಪೂರ್ಣ ಸ್ಥಗಿತಕ್ಕೆ ಸಮ. ಒಂದು ಗಂಟೆಯುದ್ದಕ್ಕೂ ವೈಫಲ್ಯ ಶೇ. 1.44 ಇದ್ದರೆ ತಿಂಗಳ ಅವಕಾಶದ ಶೇ. 2 ಆ ಒಂದೇ ಗಂಟೆಯಲ್ಲಿ ಮುಗಿಯುತ್ತದೆ, ಆಗ ಫೋನ್ ಬಡಿದುಕೊಳ್ಳುವುದು ನ್ಯಾಯ. ಆದರೆ ನಡುರಾತ್ರಿ ಹತ್ತೇ ಕೋರಿಕೆಗಳು ಬಂದು ಒಂದು ಸೋತರೂ ಶೇ. 10 ಆಗುವುದರಿಂದ, ಕನಿಷ್ಠ ಇಷ್ಟು ಕೋರಿಕೆಗಳಿರಬೇಕೆಂಬ ಷರತ್ತನ್ನು ಜೊತೆಗೆ ಸೇರಿಸಿ. ಲಾಗ್‌ಗಳಲ್ಲಿ ಯುಟಿಸಿ ಸಮಯವನ್ನೇ ಇಟ್ಟು, ಗ್ರಫಾನಾದಲ್ಲಿ ಮಾತ್ರ ಭಾರತೀಯ ಕಾಲಮಾನವನ್ನು ತೋರಿಸಿ. ಐದೂವರೆ ಗಂಟೆಯ ಗೊಂದಲ ಹೀಗೆ ತಪ್ಪುತ್ತದೆ.

ನಿಗಾ ವ್ಯವಸ್ಥೆಯೇ ಸತ್ತರೆ ಅಲರ್ಟ್ ಬರುವುದಿಲ್ಲ, ಮೌನವನ್ನು ಆರೋಗ್ಯವೆಂದು ತಿಳಿಯುವ ಅಪಾಯವಿದೆ. ಇದಕ್ಕಾಗಿ ಸದಾ ಸಂದೇಶ ಕಳಿಸುತ್ತಲೇ ಇರುವ ಒಂದು ಅಲರ್ಟ್ ಅನ್ನು ಪ್ರೊಮಿಥಿಯಸ್‌ನಲ್ಲಿ ಬರೆದು, ಅದರ ಸಂದೇಶ ನಿಂತಾಗ ಎಚ್ಚರಿಸುವ ಹೊರಗಿನ ಸೇವೆಯೊಂದಕ್ಕೆ ಜೋಡಿಸಿ. ಕೊನೆಗೆ, ಪ್ರೊಡಕ್ಷನ್‌ನಲ್ಲಿಯೇ ಮುಂಭಾಗದಲ್ಲೊಂದು ಮತ್ತು ಸರ್ವರ್‌ನಲ್ಲೊಂದು ದೋಷವನ್ನು ಬೇಕೆಂದೇ ಎಬ್ಬಿಸಿ ನೋಡಿ: ವರದಿಯಲ್ಲಿ ಮೂಲ ಫೈಲ್‌ನ ಹೆಸರೂ ಸಾಲೂ ಸರಿಯಾಗಿವೆಯೇ, ರಿಲೀಸ್ ಸರಿಯಾಗಿದೆಯೇ, ಮೊಬೈಲ್ ಸಂಖ್ಯೆ ಸೋಸಿಹೋಗಿದೆಯೇ, ಆ ವಾರದ ಸರದಿಯವರ ಫೋನ್‌ಗೆ ಸಂದೇಶ ಎಷ್ಟು ನಿಮಿಷದಲ್ಲಿ ತಲುಪಿತು. ಬಿಲ್ಡ್ ಪದ್ಧತಿಯನ್ನು ಬದಲಿಸಿದಾಗಲೆಲ್ಲ ಈ ಪರೀಕ್ಷೆಯನ್ನು ಮತ್ತೆ ಮಾಡಿ, ಏಕೆಂದರೆ ಸೋರ್ಸ್ ಮ್ಯಾಪ್ ಕಳಿಸುವ ಹೆಜ್ಜೆ ಸದ್ದಿಲ್ಲದೆ ಬಿಟ್ಟುಹೋಗುವುದು ಸಾಮಾನ್ಯವಾಗಿ ಆಗಲೇ.