ಉಪ್ಪು ಬಿದ್ದಾಗ ಬಣ್ಣಗೆಟ್ಟ ಚಿನ್ನ: ನನ್ನ ಪಿಎಚ್‌ಡಿ ಅನುಭವ

ಮಂಗಳಗಂಗೋತ್ರಿಯಲ್ಲಿ ಭೌತಶಾಸ್ತ್ರದ ಎಂಎಸ್‌ಸಿ ಮುಗಿಸಿ, ಉಡುಪಿ ಜಿಲ್ಲೆಯ ಒಂದು ಪ್ರಯೋಗಾಲಯದಲ್ಲಿ ಜೈವಿಕ ಭೌತಶಾಸ್ತ್ರದ ಪಿಎಚ್‌ಡಿಗೆ ಸೇರಿದಾಗ ನನಗೆ ಪಿಪೆಟ್ ಹಿಡಿಯಲು ಸಹ ಬರುತ್ತಿರಲಿಲ್ಲ. ಚಿನ್ನದ ನ್ಯಾನೊ ಕಣಗಳು ಜೀವಕೋಶದೊಳಗೆ ಹೋದ ಮೇಲೆ ಕೋಶಪೊರೆಯ ಬಿಗಿತ ಬದಲಾಗುತ್ತದೆಯೇ ಎಂಬುದು ನನಗೆ ಸಿಕ್ಕ ಪ್ರಶ್ನೆ. ಭೌತಶಾಸ್ತ್ರದ ಸರ್ ಮಾರ್ಗದರ್ಶಿ, ಕೋಶವಿಜ್ಞಾನದ ಮೇಡಂ ಸಹ ಮಾರ್ಗದರ್ಶಿ. ಈಗ ಥೀಸಿಸ್ ಬರೆಯುವ ಹಂತದಲ್ಲಿದ್ದೇನೆ. ಎರಡು ಶಾಸ್ತ್ರಗಳ ನಡುವೆ ತರಬೇತಿ ಪಡೆಯುವುದೆಂದರೆ ದಿನನಿತ್ಯದ ಕೆಲಸದಲ್ಲಿ ಏನು ಎಂಬುದನ್ನು, ಈ ದಾರಿಗೆ ಬರಲು ಯೋಚಿಸುತ್ತಿರುವವರಿಗಾಗಿ ಬರೆದಿಡುತ್ತಿದ್ದೇನೆ.

ಯುಜಿಸಿಯ 2022ರ ನಿಯಮಾವಳಿ ಪಿಎಚ್‌ಡಿ ಕೋರ್ಸ್‌ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್ ಕೇಳುತ್ತದೆ. ಸಂಶೋಧನಾ ನೀತಿ, ಸಂಖ್ಯಾಶಾಸ್ತ್ರ, ಕೋಶವಿಜ್ಞಾನದ ಒಂದು ಪತ್ರಿಕೆ ಎಂದು ನಾನೂ ಅದನ್ನು ಮುಗಿಸಿದೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳೇ ಬಂದವು. ಆದರೆ ನನ್ನ ನಿಜವಾದ ಓದು ಆರಂಭವಾದದ್ದು ಆ ವರ್ಷದ ಜುಲೈ ತಿಂಗಳ ಒಂದು ಸಂಜೆ, ಅರ್ಧ ಗಂಟೆಯೊಳಗೆ ಹಾಳಾದ ಒಂದು ಪ್ರಯೋಗದಿಂದ.

ಚಿನ್ನದ ಕಣ ತಯಾರಿಸಲು ನಾವು ಬಳಸುವುದು 1951ರಲ್ಲಿ ಜಾನ್ ಟರ್ಕೆವಿಚ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ. ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಒಂದು ಪಾಲು ನೈಟ್ರಿಕ್ ಆಮ್ಲ ಸೇರಿಸಿ ಗಾಜಿನ ಪಾತ್ರೆಯನ್ನು ತೊಳೆದು, 20 ಮಿಲಿಲೀಟರ್ ಕ್ಲೋರೋಆರಿಕ್ ಆಮ್ಲದ ದ್ರಾವಣವನ್ನು ಕುದಿಸಿ, ಅದಕ್ಕೆ ಶೇ 1ರ ಟ್ರೈಸೋಡಿಯಂ ಸಿಟ್ರೇಟನ್ನು 2 ಮಿಲಿಲೀಟರ್ ಸುರಿಯಬೇಕು. ತಿಳಿ ಹಳದಿ ಮೊದಲು ಬಣ್ಣವೇ ಇಲ್ಲದಂತಾಗುತ್ತದೆ, ಆಮೇಲೆ ಕಪ್ಪು ಮಿಶ್ರಿತ ನೇರಳೆಗೆ ತಿರುಗುತ್ತದೆ, ಕೆಲವೇ ನಿಮಿಷಗಳಲ್ಲಿ ಪುನರ್ಪುಳಿಯ ಶರಬತ್ತಿನಂಥ ಕೆಂಪು ನಿಲ್ಲುತ್ತದೆ. ಕಣಗಳ ವ್ಯಾಸ ಸುಮಾರು 13 ನ್ಯಾನೊಮೀಟರ್. ದ್ರಾವಣ ಯಾವ ಬೆಳಕನ್ನು ಎಷ್ಟು ಹೀರುತ್ತದೆ ಎಂದು ತೋರಿಸುವ ರೋಹಿತದಲ್ಲಿ ಶಿಖರ 520 ನ್ಯಾನೊಮೀಟರ್ ಆಸುಪಾಸಿನಲ್ಲಿ ಚೂಪಾಗಿ ಬಂದಿತ್ತು. ಇಷ್ಟು ಒಳ್ಳೆಯ ಕಣಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಹೀಲಾ ಎಂಬ ಮಾನವ ಕೋಶಗಳಿಗೆ ಕೊಡುವ ಮೊದಲು, ಕೋಶಗಳು ಒಗ್ಗಿಕೊಂಡಿರುವ ಫಾಸ್ಫೇಟ್ ಬಫರ್ ಸಲೈನ್ ಎಂಬ ಉಪ್ಪಿನ ದ್ರಾವಣಕ್ಕೆ ಬದಲಾಯಿಸೋಣ ಎಂದುಕೊಂಡು, ಒಂದು ಮಿಲಿಲೀಟರ್ ಕೆಂಪು ದ್ರಾವಣಕ್ಕೆ ಅಷ್ಟೇ ಬಫರ್ ಸೇರಿಸಿದೆ. ಟ್ಯೂಬ್ ಇನ್ನೂ ಬೆರಳುಗಳ ನಡುವೆಯೇ ಇತ್ತು; ಕೆಂಪು ನೇರಳೆಯಾಯಿತು, ನೇರಳೆ ಬೂದು ನೀಲಿಯಾಯಿತು. ಅರ್ಧ ಗಂಟೆಯಲ್ಲಿ ತಳದಲ್ಲಿ ಕಪ್ಪು ಗಸಿ ಕುಳಿತು ಮೇಲೆ ತಿಳಿ ನೀರು ಉಳಿಯಿತು.

ಟ್ಯೂಬನ್ನು ಮೇಡಂ ಬಳಿ ಒಯ್ದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಬಫರಲ್ಲಿ ಉಪ್ಪು ಎಷ್ಟಿದೆ ಅಂತ ನೋಡಿದ್ಯಾ?” ಸುಮಾರು 150 ಮಿಲಿಮೋಲಾರ್ ಇತ್ತು, ನಮ್ಮ ರಕ್ತದಲ್ಲಿ ಇರುವಷ್ಟೇ. ಕೋಶ ಊದಿ ಒಡೆಯದೆ, ಮುದುಡದೆ ಇರಬೇಕಾದರೆ ಅಷ್ಟು ಉಪ್ಪು ಬೇಕು. ಚಿನ್ನದ ಕಣ ಒಂದಕ್ಕೊಂದು ಅಂಟದೆ ತೇಲುತ್ತಿರುವುದಾದರೋ ಮೈಮೇಲಿನ ಸಿಟ್ರೇಟ್ ಋಣಾವೇಶಗಳ ವಿಕರ್ಷಣೆಯಿಂದ. ಆ ವಿಕರ್ಷಣೆ ಎಷ್ಟು ದೂರ ತಲುಪುತ್ತದೆ ಎಂಬುದನ್ನು ಡಿಬೈ ಉದ್ದ ಹೇಳುತ್ತದೆ: 1 ಮಿಲಿಮೋಲಾರ್ ಉಪ್ಪುನೀರಿನಲ್ಲಿ ಅದು ಸುಮಾರು 10 ನ್ಯಾನೊಮೀಟರ್, 150 ಮಿಲಿಮೋಲಾರ್‌ನಲ್ಲಿ 0.8 ನ್ಯಾನೊಮೀಟರ್ ಮಾತ್ರ. ಈ ಸೂತ್ರವನ್ನು ನಾನು ಎಂಎಸ್‌ಸಿಯಲ್ಲಿ ಬಿಡಿಸಿ ಬರೆದಿದ್ದೆ. ಬಫರ್ ಬಾಟಲಿಯ ಲೇಬಲ್ಲನ್ನೂ ಎಷ್ಟೋ ಸಲ ಓದಿದ್ದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಹಾಲಿಗೆ ಲಿಂಬೆ ಹಿಂಡಿದಾಗ ಆಗುವುದೂ ಬಹುಮಟ್ಟಿಗೆ ಇದೇ. ಅಲ್ಲಿ ಕೇಸೀನ್ ಕಣಗಳ ಆವೇಶವನ್ನು ಹುಳಿ ಇಲ್ಲವಾಗಿಸುತ್ತದೆ. ನಾವು ಅದನ್ನು ‘ಒಡೆಯಿತು’ ಎನ್ನುತ್ತೇವೆ, ವಾಸ್ತವದಲ್ಲಿ ಕಣಗಳು ಒಟ್ಟುಗೂಡಿರುತ್ತವೆ.

ಪರಿಹಾರವನ್ನು ತೋರಿಸಿಕೊಟ್ಟವರು ಕೋಶಗಳನ್ನು ಬೆಳೆಸುವ ಕಲ್ಚರ್ ಕೋಣೆಯ ಹಿರಿಯ ಸಂಶೋಧಕಿ. ನಾವೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತೇವೆ. ಕಣಗಳಿಗೆ ಮೊದಲು ಆಲ್ಬುಮಿನ್ ಪ್ರೋಟೀನ್ ಹೊದಿಸಬೇಕು, ಉಪ್ಪು ಆಮೇಲೆ. ಕ್ರಮ ತಪ್ಪಿದರೆ ಅದೇ ಆಲ್ಬುಮಿನ್ ಪ್ರಯೋಜನಕ್ಕೆ ಬರುವುದಿಲ್ಲ, ಏಕೆಂದರೆ ಗಸಿಯಾದ ಚಿನ್ನ ಮತ್ತೆ ಬಿಡಿಯಾಗುವುದಿಲ್ಲ. ಹೊದಿಸಿದ ಕಣ ಬಫರ್‌ನಲ್ಲಿ ಮರುದಿನವೂ ಕೆಂಪಾಗಿಯೇ ಇತ್ತು. ಆದರೆ ಇದರಿಂದ ನನ್ನ ಸಂಶೋಧನೆಯ ಪ್ರಶ್ನೆಯೇ ಬದಲಾಯಿತು. ಕೋಶಕ್ಕೆ ಎದುರಾಗುವುದು ಇನ್ನು ಚಿನ್ನದ ಮೈಯಲ್ಲ, ಅದರ ಮೇಲಿನ ಪ್ರೋಟೀನ್ ಹೊದಿಕೆ; ಆದ್ದರಿಂದ ಆ ಹೊದಿಕೆಯ ದಪ್ಪವನ್ನೂ ಆವೇಶವನ್ನೂ ಅಳೆಯದೆ ಕೋಶದ ಬಗ್ಗೆ ಏನನ್ನೂ ಹೇಳುವಂತಿಲ್ಲ.

ಆಮೇಲಿನ ಆರು ವಾರ, ಬಿಗಿತ ಅಳೆಯುವ ಲೇಸರ್ ಕೋಣೆಗೆ ಹೋಗದೆ ಅಕ್ಕನ ಪಕ್ಕದಲ್ಲಿಯೇ ಕೆಲಸ ಮಾಡಿದೆ. ಇನ್‌ಕ್ಯುಬೇಟರ್‌ನಲ್ಲಿ 37 ಡಿಗ್ರಿ ಶಾಖ, ಶೇ 5 ಇಂಗಾಲದ ಡೈಆಕ್ಸೈಡ್. ಕೋಶಗಳು ತಟ್ಟೆಯ ಮುಕ್ಕಾಲು ಭಾಗ ತುಂಬಿದಾಗ ಟ್ರಿಪ್ಸಿನ್ ಎಂಬ ಕಿಣ್ವ ಹಾಕಿ ತಳದಿಂದ ಎಬ್ಬಿಸಿ ಹೊಸ ತಟ್ಟೆಗೆ ಬಿಡುವುದು. ಕೋಶಗಳು ಬೆಳೆಯುವ ಪೋಷಕ ದ್ರವ, ಅಂದರೆ ಮಾಧ್ಯಮ, ಅಕಾಲದಲ್ಲಿ ಹಳದಿಗೆ ತಿರುಗಿ ಮಸುಕಾದರೆ ಬ್ಯಾಕ್ಟೀರಿಯಾ ಸೇರಿದೆಯೆಂದು ತಟ್ಟೆಯನ್ನೇ ಎಸೆಯುವುದು. ಇದೊಂದೂ ಪುಸ್ತಕದಿಂದ ಬರುವ ವಿದ್ಯೆಯಲ್ಲ. ಕರಾವಳಿಯ ಮಳೆಗಾಲದಲ್ಲಿ ಬೂಸ್ಟು ಎಲ್ಲಿಂದ ಬಂದೀತೆಂದು ಹೇಳಲಾಗದು. ಇನ್‌ಕ್ಯುಬೇಟರ್‌ನ ನೀರಿನ ತಟ್ಟೆಯನ್ನು ವಾರಕ್ಕೊಮ್ಮೆ ತೊಳೆಯುವುದು ನನ್ನ ಪಾಲಿನ ಕೆಲಸವಾಗಿತ್ತು, ಈಗಲೂ ಅದನ್ನು ಬೇರೆಯವರಿಗೆ ಬಿಡುವುದಿಲ್ಲ. ಲೆನ್ಸುಗಳಿಗೂ ಇದೇ ತೊಂದರೆ. ಸೂಕ್ಷ್ಮದರ್ಶಕದ ಆಬ್ಜೆಕ್ಟಿವ್ ಲೆನ್ಸುಗಳನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿಯೇ ಇಡುತ್ತೇವೆ.

ಭೌತಶಾಸ್ತ್ರ ಓದಿ ಬಂದದ್ದು ಉಪಯೋಗಕ್ಕೆ ಬಂದ ಕಡೆಗಳೂ ಇವೆ. ಕೋಶವಿಜ್ಞಾನದವರು ಕಣಗಳ ಪ್ರಮಾಣವನ್ನು ಮಿಲಿಲೀಟರಿಗೆ ಇಷ್ಟು ಮೈಕ್ರೊಗ್ರಾಂ ಎಂದು ಬರೆಯುತ್ತಾರೆ. ಒಂದೇ ತೂಕದ ಚಿನ್ನದಲ್ಲಿ 13 ನ್ಯಾನೊಮೀಟರ್ ಕಣಗಳ ಸಂಖ್ಯೆ 50 ನ್ಯಾನೊಮೀಟರ್ ಕಣಗಳಿಗಿಂತ ಸುಮಾರು 57 ಪಟ್ಟು ಹೆಚ್ಚು; ಹಾಗಿರುವಾಗ ತೂಕ ಸಮನಾಗಿಟ್ಟು ‘ಸಣ್ಣ ಕಣ ಹೆಚ್ಚು ವಿಷಕಾರಿ’ ಎಂದು ತೀರ್ಮಾನಿಸುವುದು ಸರಿಯಲ್ಲ ಎಂದು ನಾನು ಗುಂಪಿನ ಸಭೆಯಲ್ಲಿ ವಾದಿಸಿದೆ. ಕೋಶಗಳು ಬದುಕಿವೆಯೇ ಎಂದು ನೋಡುವ ಎಂಟಿಟಿ ಪರೀಕ್ಷೆಯಲ್ಲಿಯೂ ಹೀಗೆಯೇ. ಅದರಲ್ಲಿ ಬದುಕಿರುವ ಕೋಶಗಳು ಉಂಟುಮಾಡುವ ನೇರಳೆ ಬಣ್ಣವನ್ನು 570 ನ್ಯಾನೊಮೀಟರ್‌ನಲ್ಲಿ ಅಳೆಯುತ್ತಾರೆ, ಚಿನ್ನದ ಕಣವೂ ಅಲ್ಲಿ ಬೆಳಕನ್ನು ಹೀರುತ್ತದೆ. ಕೋಶವಿಲ್ಲದೆ ಬರೀ ಕಣ ಹಾಕಿದ ‘ಬಾವಿ’ಗಳನ್ನು (ಪರೀಕ್ಷಾ ತಟ್ಟೆಯ ಸಣ್ಣ ಗುಳಿಗಳನ್ನು) ಹೋಲಿಕೆಗೆ ಇಡದಿದ್ದರೆ, ಸತ್ತ ಕೋಶಗಳ ಲೆಕ್ಕವೂ ಬದುಕಿದವುಗಳಿಗೆ ಸೇರಿಬಿಡುತ್ತದೆ. ಈಗ ನಮ್ಮ ಗುಂಪಿನಲ್ಲಿ ಸಂಖ್ಯೆ, ತೂಕ ಎರಡನ್ನೂ ಬರೆಯುತ್ತಾರೆ, ಆ ಬಾವಿಗಳನ್ನೂ ತಪ್ಪದೆ ಇಡುತ್ತಾರೆ.

ಕೋಶಪೊರೆಯ ಬಿಗಿತ ಅಳೆಯಲು ನಾನು ಬಳಸುವುದು ಆಪ್ಟಿಕಲ್ ಟ್ವೀಜರ್, ಅಂದರೆ ಲೇಸರ್ ಕಿರಣದಿಂದ ಸಣ್ಣ ಕಣವನ್ನು ಹಿಡಿಯುವ ಬೆಳಕಿನ ಚಿಮಟ. ಆರ್ಥರ್ ಆಶ್ಕಿನ್ 1986ರಲ್ಲಿ ಸಹೋದ್ಯೋಗಿಗಳೊಂದಿಗೆ ಒಂದೇ ಕಿರಣದಿಂದ ಕಣ ಹಿಡಿದು ತೋರಿಸಿದ ಈ ಉಪಕರಣಕ್ಕೆ 2018ರ ಭೌತಶಾಸ್ತ್ರ ನೊಬೆಲ್‌ನ ಅರ್ಧ ಪಾಲು ಸಂದಿತು. ಒಂದು ಮೈಕ್ರೊಮೀಟರ್ ವ್ಯಾಸದ ಪಾಲಿಸ್ಟೈರೀನ್ ಮಣಿಯನ್ನು ಕೋಶಪೊರೆಗೆ ತಾಗಿಸಿ ಹಿಂದಕ್ಕೆ ಎಳೆದರೆ ಪೊರೆಯಿಂದ ನೂಲಿನಂಥ ಎಳೆಯೊಂದು ಹೊರಬರುತ್ತದೆ. ಅದನ್ನು ಹಿಡಿದಿಡಲು ಬೇಕಾದ ಬಲ ಪಿಕೊನ್ಯೂಟನ್‌ಗಳಲ್ಲಿ, ಅಂದರೆ ನ್ಯೂಟನ್ನಿನ ಲಕ್ಷ ಕೋಟಿಯ ಒಂದು ಪಾಲಿನ ಲೆಕ್ಕದಲ್ಲಿ. ಬಲ ಹೇಳಬೇಕಾದರೆ ಚಿಮಟದ ಬಿಗಿತ, ಅಂದರೆ ಅದು ಮಣಿಯನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದು, ಗೊತ್ತಿರಬೇಕು. ಮಣಿಯ ನಡುಕದಿಂದ ಲೆಕ್ಕ ಹಾಕಿದಾಗ ಒಂದು ಉತ್ತರ, ನೀರನ್ನು ಹರಿಸಿ ಎಳೆತದಿಂದ ಲೆಕ್ಕ ಹಾಕಿದಾಗ ಅದಕ್ಕಿಂತ ಕಡಿಮೆ ಉತ್ತರ ಬರುತ್ತಿತ್ತು. ಎರಡು ವಾರ ಕನ್ನಡಿಗಳನ್ನು ತಿದ್ದಿದ ಮೇಲೆ ಸರ್ ಹೇಳಿದರು: “ಮಣಿ ಗಾಜಿನಿಂದ ಎಷ್ಟು ಮೇಲಿದೆ, ಮೊದಲು ಅದನ್ನು ಹೇಳಿ.” ಕೋಶ ಗಾಜಿಗೆ ಅಂಟಿಕೊಂಡೇ ಬೆಳೆಯುವುದರಿಂದ ನಾನು ಮಣಿಯನ್ನೂ ಗಾಜಿನ ಹತ್ತಿರವೇ ಹಿಡಿದಿದ್ದೆ. ಮಣಿಯ ಕೇಂದ್ರ ಗಾಜಿನಿಂದ ಒಂದೇ ಮೈಕ್ರೊಮೀಟರ್ ದೂರದಲ್ಲಿದ್ದರೆ ನೀರಿನ ಎಳೆತ, ಗೋಡೆಯಿಂದ ದೂರವಿರುವ ಮಣಿಗೆ ಅನ್ವಯಿಸುವ ಸ್ಟೋಕ್ಸ್ ಸೂತ್ರ ಹೇಳುವುದಕ್ಕಿಂತ ಶೇ 40ರಷ್ಟು ಹೆಚ್ಚುತ್ತದೆ. ಗೋಡೆಯ ಸಾಮೀಪ್ಯವನ್ನು ಲೆಕ್ಕಕ್ಕೆ ತರುವ ಫ್ಯಾಕ್ಸೆನ್ ತಿದ್ದುಪಡಿ ಹಾಕಿದ ಮೇಲೆ ಎರಡೂ ಉತ್ತರಗಳು ಕೂಡಿಬಂದವು.

ಈ ಬಾರಿ ಭೌತಶಾಸ್ತ್ರದಿಂದ ಬಂದ ಹೊಸ ವಿದ್ಯಾರ್ಥಿಯೊಬ್ಬ ಗುಂಪಿಗೆ ಸೇರಿದ್ದಾನೆ. ಮೊದಲ ದಿನ ಅವನಿಗೆ ಲೇಸರ್ ತೋರಿಸಲಿಲ್ಲ. ಒಂದು ಟ್ಯೂಬ್ ಕೆಂಪು ಚಿನ್ನ, ಒಂದು ಬಾಟಲಿ ಬಫರ್ ಕೊಟ್ಟು, ಬೆರೆಸಿ ಆಗುವುದನ್ನು ಸಮಯಸಹಿತ ಬರೆದುಕೊಳ್ಳಲು ಹೇಳಿದೆ. ಅವನು ಎರಡು ಪುಟ ಬರೆದು, ಡಿಬೈ ಉದ್ದವನ್ನು ಲೆಕ್ಕ ಹಾಕಿಕೊಂಡು ಬಂದ. ಮರುದಿನ ಬೆಳಿಗ್ಗೆ ಇಬ್ಬರೂ ಅಕ್ಕನ ಬಳಿ ಆಲ್ಬುಮಿನ್ ಕೇಳಲು ಹೋದೆವು.