ಮಳೆಯ ಮೇಲೆ ಗೂಬೆ ಕೂರಿಸಿದ್ದೆ

ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ತಾಪಮಾನ ದಾಖಲಿಸಲು ಪುಟ್ಟ ಲಿನಕ್ಸ್ ಡಬ್ಬ ಇಟ್ಟಿದ್ದೆ. ಮೆಮೊರಿ ಬರೀ 256 ಎಂಬಿ. ಸೆನ್ಸರಿನ ಡ್ರೈವರ್ (ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ ಓಡುವ ಕೋಡ್) ಬರೆದವನೂ ನಾನೇ. ಬೇಸಿಗೆ ಮುಗಿಯುವವರೆಗೆ ಒಂದು ಕಂಪ್ಲೇಂಟ್ ಇರಲಿಲ್ಲ. ಜೂನ್ ಬಂತು, ಡಬ್ಬ ವಾರಕ್ಕೊಮ್ಮೆ ಮಲಗತೊಡಗಿತು.

ನಮ್ಮ ಕಡೆಯ ಮಳೆ ಅಲ್ವಾ, ತೇವ ಹೊಕ್ಕಿರಬೇಕು ಅಂದುಕೊಂಡೆ. ಪ್ಲಾಂಟ್ ನೋಡಿಕೊಳ್ಳುವವರು ಪ್ಲಾಸ್ಟಿಕ್ ಸುತ್ತಿ ಕಟ್ಟಿದರು. ಮುಂದಿನ ವಾರ ಮತ್ತೆ ಅದೇ ಕಥೆ.

ಕೊನೆಗೆ ಲಾಗ್ ತೆಗೆದೆ. ಮೆಮೊರಿ ಮುಗಿದು, ಕರ್ನಲ್‌ನ ಓಓಎಂ ಕಿಲ್ಲರ್ ಒಂದೊಂದೇ ಪ್ರೊಸೆಸ್ ಕೊಂದು ಹಾಕಿತ್ತು. ಆದರೆ ಪ್ರೊಸೆಸ್‌ಗಳ ಪಟ್ಟಿ ತೋರಿಸುವ ಟಾಪ್‌ನಲ್ಲಿ ಯಾವುದೂ ಉಬ್ಬಿರಲಿಲ್ಲ. ಮೆಮೊರಿಯ ಲೆಕ್ಕ ಕೊಡುವ ಮೆಮ್‌ಇನ್ಫೋದಲ್ಲಿ ಎಸ್‌ಅನ್‌ರಿಕ್ಲೇಮ್ ಸಾಲು (ಕರ್ನಲ್ ಹಿಡಿದಿಟ್ಟು, ಬೇಕೆಂದಾಗ ವಾಪಸ್ ಸಿಗದ ಮೆಮೊರಿ) ಮಾತ್ರ ಗಂಟೆಗಂಟೆಗೂ ಏರುತ್ತಿತ್ತು. ಅಂದರೆ ತಿನ್ನುತ್ತಿರುವುದು ಕರ್ನಲ್ಲೇ. ಆ ಮೆಮೊರಿಯನ್ನು ವಿಂಗಡಿಸಿ ತೋರಿಸುವ ಸ್ಲ್ಯಾಬ್‌ಟಾಪ್ ನೋಡಿದರೆ ಕೆಮಾಲಕ್-256, ಅಂದರೆ 256 ಬೈಟ್ ಖಾನೆಗಳ ಗುಂಪು, ಒಂದೇ ಬೆಳೆಯುತ್ತಿದೆ. ಎದೆ ಧಸಕ್ಕೆಂದಿತು. ನನ್ನ ಡ್ರೈವರ್ ಪ್ರತಿ ರೀಡ್‌ಗೂ ಪಡೆಯುವ ರಿಕ್ವೆಸ್ಟ್ ಸ್ಟ್ರಕ್ಟ್ 200 ಬೈಟ್, ಅದು ಕೂರುವುದು 256ರ ಖಾನೆಯಲ್ಲೇ.

ಅಂಥದ್ದೇ ಇನ್ನೊಂದು ಡಬ್ಬಕ್ಕೆ ಮೆಮೊರಿ ಸೋರಿಕೆ ಪತ್ತೆ ಹಚ್ಚುವ ಕೆಮೆಮ್‌ಲೀಕ್ ಸೇರಿಸಿ ಕರ್ನಲ್ ಬಿಲ್ಡ್ ಮಾಡಿದೆ. ಅದು ಮೆಮೊರಿಯನ್ನೆಲ್ಲ ಜಾಲಾಡಿ, ಯಾವ ಪಾಯಿಂಟರೂ (ವಿಳಾಸದ ಗುರುತು) ಇಲ್ಲದೆ ಅನಾಥವಾದ ತುಂಡುಗಳನ್ನು ಹೆಕ್ಕಿ ಕೊಡುತ್ತದೆ. ಉಡುಪಿಯಲ್ಲಿ ನನ್ನ ಮೇಜಿನ ಮೇಲೆ ಎರಡು ದಿನ ಓಡಿಸಿದೆ. ಅದರ ವರದಿಯ ಫೈಲ್ ಖಾಲಿ.

ಪ್ಲಾಂಟಿಗೆ ಫೋನ್ ಮಾಡಿದೆ. "ಈಗ ಬಂದ್ ಉಂಟಲ್ಲ ಮಾರಾಯ್ರೆ. ಬೋಟ್ ಇಲ್ಲದೆ ಐಸ್ ಯಾರಿಗೆ? ಸೆನ್ಸರಿನ ಲೈನೂ ಆಫ್. ನಿಮ್ಮ ಡಬ್ಬ ಮಾತ್ರ ಆಫೀಸಿನ ಲೈನಿನಲ್ಲಿ ಉಂಟು." ಜೂನ್ 1ರಿಂದ ಜುಲೈ 31, ಯಾಂತ್ರಿಕ ಮೀನುಗಾರಿಕೆಗೆ 61 ದಿನ ರಜೆ. ಇಲ್ಲೇ ಹುಟ್ಟಿ ಬೆಳೆದ ನನಗೆ ಇದು ಹೊಳೆಯಲಿಲ್ಲ ನೋಡಿ!

ಮೇಜಿನ ಮೇಲೆ ಸೆನ್ಸರಿನ ವೈರ್ ಕಿತ್ತೆ. ಕೆಮೆಮ್‌ಲೀಕ್ 10 ನಿಮಿಷಕ್ಕೊಮ್ಮೆ ತಾನೇ ಹುಡುಕುತ್ತದೆ, ಆದರೆ ಕಾಯುವ ತಾಳ್ಮೆ ಯಾರಿಗಿದೆ? ನಾನೇ ಸ್ಕ್ಯಾನ್ ಕೊಟ್ಟೆ. ಸಾಲುಸಾಲಾಗಿ ಬಂದವು. ಎಲ್ಲವೂ 256 ಬೈಟ್, ಎಲ್ಲದರ ಬ್ಯಾಕ್‌ಟ್ರೇಸ್‌ನಲ್ಲೂ ನನ್ನದೇ ರೀಡ್ ಫಂಕ್ಷನ್. ಬ್ಯಾಕ್‌ಟ್ರೇಸ್ ತೋರಿಸುವುದು ಕೋಡಿನಲ್ಲಿ ಮೆಮೊರಿ ಪಡೆದ ಜಾಗ, ಬಿಡಲು ಮರೆತ ಜಾಗವಲ್ಲ. ಹೆಂಚಿನ ಮನೆಯಲ್ಲಿ ನೀರು ತೊಟ್ಟಿಕ್ಕುವುದು ಒಂದು ಕಡೆ, ಒಡೆದ ಹೆಂಚು ಇನ್ನೊಂದು ಕಡೆ ಇರುತ್ತದಲ್ಲ, ಹಾಗೆ.

ಕೋಡ್ ಓದಿದೆ. ಸೆನ್ಸರ್ ಉತ್ತರ ಕೊಟ್ಟರೆ ಮೆಮೊರಿ ಬಿಡುವ ಕೆಫ್ರೀ ಇದೆ. ಉತ್ತರ ಬಾರದೆ ಟೈಮ್‌ಔಟ್ ಆದರೆ ರಿಕ್ವೆಸ್ಟನ್ನು ಕ್ಯೂನಿಂದ ಕಳಚಿ ನೇರ ರಿಟರ್ನ್, ಕೆಫ್ರೀ ಇಲ್ಲ. (ಕ್ಯೂನಲ್ಲೇ ಬಿಟ್ಟಿದ್ದರೆ ಕೆಮೆಮ್‌ಲೀಕ್‌ಗೂ ಕಾಣುತ್ತಿರಲಿಲ್ಲ, ಪಾಯಿಂಟರ್ ಉಳಿದಿರುತ್ತಿತ್ತು.) ಸೆಕೆಂಡಿಗೊಂದು ರೀಡ್, ದಿನಕ್ಕೆ 86,400. ತಲಾ 256 ಬೈಟ್ ಅಂದರೆ ಸುಮಾರು 22 ಎಂಬಿ. ವಾರಕ್ಕೆ 150 ದಾಟುತ್ತದೆ. ಲೆಕ್ಕ ಸರಿಯಾಗಿ ಕೂತಿತು.

ಎರಡೂ ದಾರಿಗಳನ್ನು ಗೋಟೂ (ಕೋಡಿನ ಇನ್ನೊಂದು ಸಾಲಿಗೆ ಜಿಗಿಯುವ ಆಜ್ಞೆ) ಹಾಕಿ ಒಂದೇ ಕೆಫ್ರೀಗೆ ತಂದೆ. ಕಾಲೇಜಿನಲ್ಲಿ ಗೋಟೂ ಅಂದರೆ ಬೈಗುಳ, ಕರ್ನಲ್‌ನಲ್ಲಿ ಅದೇ ಪದ್ಧತಿ. ವೈರ್ ಕಿತ್ತೇ ಮೂರು ದಿನ ಓಡಿಸಿದೆ, ಕೆಮಾಲಕ್-256 ಅಲುಗಲಿಲ್ಲ.

ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದವು. ಡಬ್ಬಕ್ಕೆ ಸುತ್ತಿದ ಪ್ಲಾಸ್ಟಿಕ್ ಮಾತ್ರ ಅವರು ಇನ್ನೂ ಬಿಚ್ಚಿಲ್ಲ.